ಅಗಲ ಮಾನಿಟರಿನ ಹುಡುಗಿ

ಮುಂಬಯಿ ಬದಿಯ ನೆರೂಳದ ಧರ್ಮಪಾಲರ ಮನೆಯಲ್ಲಿ ಮೂರು ಜನ ಇದ್ದರೂ ಮಾತಾಡುವವರು ಒಬ್ಬರೇ, ಅವರ ಹೆಂಡತಿ ಲೋಲಾಕ್ಷಿ. ಧರ್ಮಪಾಲರದ್ದು ತುರ್ಭೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂಗಿ ಕೂಗಿ, ಮನೆಗೆ ಬರುವಾಗ ಬಾಯಲ್ಲಿ ಉಳಿಯುವುದು ಒಂದು 'ಹೂಂ' ಮಾತ್ರ. ಮಗ ಯೋಗೀಶನಾದರೋ ಸೀವುಡ್ಸಿನ ಹಡಗು ಕಂಪನಿಯ ಕಚೇರಿಯಲ್ಲಿ ಎಸಿಯ ಕೆಳಗೆ ಕೂತು ಕಾಗದಪತ್ರ ನೋಡುವವನು. ಇಡೀ ದಿನ ಬಾಯಿಗೆ ಕೆಲಸವೇ ಇಲ್ಲ. ಆದರೂ ಮನೆಯಲ್ಲಿ ಆ 'ಹೂಂ' ಕೂಡ ಅವನಿಂದ ಸುಲಭಕ್ಕೆ ಹೊರಡುತ್ತಿರಲಿಲ್ಲ. ವಯಸ್ಸು ಮೂವತ್ತೊಂದು. ಅಂಗಿ ಯಾವ ಬಣ್ಣದ್ದು ಬೇಕು ಎಂದು ಕೇಳಿದರೆ "ಯಾವುದಾದರೂ ಆಗ್ತದೆ" ಅನ್ನುವ ಪೈಕಿ. ಇವನಿಗೆ ಹೆಣ್ಣು ಹುಡುಕುವ ಲೋಲಾಕ್ಷಿಯ ಕಷ್ಟ ಯಾರಿಗೂ ಬೇಡ.

ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆದದ್ದು ಓದುವವರ ಅನುಕೂಲಕ್ಕೆ. ಅದರಿಂದ ಲೋಲಾಕ್ಷಿಯ ಬೈಗುಳದ ಖಾರ ಸ್ವಲ್ಪ ಇಳಿದಿದೆ, ಕ್ಷಮೆ ಇರಲಿ.

ಎರಡು ಸಾವಿರದ ಹದಿನೈದರ ಮೇ ತಿಂಗಳಲ್ಲಿ ಈ ಯೋಗೀಶ ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದ. ಇಪ್ಪತ್ತೊಂಬತ್ತು ಇಂಚಿನ ಅಲ್ಟ್ರಾವೈಡ್ ಮಾನಿಟರ್ ತಂದು ಹಾಲ್‌ನ ಮೇಜಿನ ಮೇಲೆ ಕೂರಿಸಿದ. ಎತ್ತರ ಎಲ್ಲ ಮಾನಿಟರಿನಷ್ಟೇ, ಅಗಲ ಮಾತ್ರ ಮೂರರಲ್ಲೊಂದು ಪಾಲು ಜಾಸ್ತಿ. ಲೋಲಾಕ್ಷಿ ಸೊಂಟಕ್ಕೆ ಕೈಯಿಟ್ಟು ಅದನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಇದೆಂತ ಮಾರಾಯ, ಅಂಗಡಿಯಲ್ಲಿ ಯಾರಾದರೂ ಇದರ ಮೇಲೆ ಕೂತಿದ್ದರಾ?"

"ಆಟಕ್ಕೆ ಒಳ್ಳೆಯದು," ಎಂದ ಯೋಗೀಶ. ಅವನ ಮಟ್ಟಿಗೆ ಅದು ಭಾಷಣ.

ಆಟ ಅಂದರೆ ಲಾರಿಯ ಆಟ. ಯಾವುದೋ ಹೊರದೇಶದ ನುಣ್ಣಗಿನ ರಸ್ತೆಯಲ್ಲಿ ಸರಕು ತುಂಬಿದ ಲಾರಿಯನ್ನು ಊರಿಂದ ಊರಿಗೆ ಮುಟ್ಟಿಸುವುದು. ಕಚೇರಿಯಿಂದ ಬಂದು ಚಾ ಕುಡಿದು ಯೋಗೀಶ ಲಾರಿ ಹತ್ತುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಲೋಲಾಕ್ಷಿ ಅಲಸಂಡೆ ತುಂಡು ಮಾಡುತ್ತಾ ಕ್ಲೀನರ್ ಕೆಲಸ ಮಾಡುತ್ತಿದ್ದರು. "ಎಡಕ್ಕೆ ಕಾರುಂಟು, ನೋಡು! ಹಾರನ್ ಹೊಡಿ ಅವನಿಗೆ!" ಟೀವಿಯ ಧಾರಾವಾಹಿಗಿಂತ ಇದೇ ಮೇಲು ಎಂದು ಕೆಳಗಿನ ಮನೆಯ ಸುಂದರಿಯ ಹತ್ತಿರ ಹೇಳಿಕೊಂಡದ್ದೂ ಉಂಟು. ತಾಯಿ ಮಗ ಜೊತೆಯಲ್ಲಿ ಕೂರುತ್ತಿದ್ದದ್ದು ಅದೊಂದೇ ಹೊತ್ತು, ಹಾಗಾಗಿ ಪರದೆಯ ಮೇಲೆ ಏನು ಹೇಗೆ ಕಾಣಬೇಕು ಅನ್ನುವುದರಲ್ಲಿ ಲೋಲಾಕ್ಷಿಗೂ ಹಕ್ಕಿತ್ತು.

ಹೊಸ ಮಾನಿಟರಿನಲ್ಲಿ ಮೊದಲು ಅದರ ಸ್ವಂತ ಅಳತೆಯನ್ನೇ ಇಟ್ಟ, ಅಡ್ಡಕ್ಕೆ ಎರಡು ಸಾವಿರದ ಐನೂರ ಅರುವತ್ತು ಚುಕ್ಕಿ, ಉದ್ದಕ್ಕೆ ಸಾವಿರದ ಎಂಬತ್ತು. ಆಹಾ, ಲಾರಿಯ ಎರಡೂ ಕನ್ನಡಿ ಒಟ್ಟಿಗೆ ಕಂಡವು, ಎರಡೂ ಬದಿಯ ಗದ್ದೆ, ಗುಡ್ಡ, ಚರ್ಚಿನ ಗೋಪುರ ಎಲ್ಲ ಕಂಡವು. ಆದರೆ ಲಾರಿ ಮಾತ್ರ ಮುಂದೆ ಹೋಗಲಿಲ್ಲ. ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡಿಗೆ ಐದು ವರ್ಷ ವಯಸ್ಸಾಗಿತ್ತು, ಅಷ್ಟು ಚುಕ್ಕಿಗಳನ್ನು ಚಿತ್ರ ಮಾಡುವಷ್ಟರಲ್ಲಿ ಅದಕ್ಕೆ ಏದುಸಿರು. ಲಾರಿ ಒಂದು ಹಾರು ಹಾರಿ ನಿಲ್ಲುತ್ತಿತ್ತು, ಮತ್ತೊಂದು ಹಾರು ಹಾರುತ್ತಿತ್ತು. "ಇದಕ್ಕಿಂತ ಗುಂಡಿ ತುಂಬಿದ ಸಯನ್-ಪನ್ವೇಲ್ ರಸ್ತೆ ವಾಸಿ," ಎಂದರು ಲೋಲಾಕ್ಷಿ.

ಆಮೇಲೆ ಅಡ್ಡ ಅಳತೆಯನ್ನು ಸಾವಿರದ ಒಂಬೈನೂರ ಇಪ್ಪತ್ತಕ್ಕೆ ಇಳಿಸಿದ. ಲಾರಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಓಡಿತು. ಆದರೆ ಚಿತ್ರ ನಡುವೆ ಕೂತು, ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ ಉಳಿಯಿತು. ಯೋಗೀಶನಿಗೆ ಅದೇನೂ ತೊಂದರೆ ಇಲ್ಲ. ತೊಂದರೆ ಇದ್ದದ್ದು ಕ್ಲೀನರಿಗೆ.

"ಇಷ್ಟು ದೊಡ್ಡದು ತಂದು ಎರಡೂ ಬದಿಗೆ ಕಪ್ಪು ಬಟ್ಟೆ ಕಟ್ಟಿದ್ದೀಯಲ್ಲ! ಊಟಕ್ಕೆ ಕೂತವರ ಎಲೆಯಲ್ಲಿ ಎರಡು ಕಡೆ ಖಾಲಿ ಬಿಟ್ಟರೆ ಅದನ್ನು ಊಟ ಅಂತಾರಾ?"

"ಚಿತ್ರ ಇರುವ ಹಾಗೆ ಕಾಣಬೇಕಾದರೆ ಹಾಗೆ ಬಿಡಲೇಬೇಕು ಅಮ್ಮ."

"ಎಂತ ಬೇಡ. ತುಂಬಿಸು."

ತುಂಬಿಸಲಿಕ್ಕೂ ಒಂದು ದಾರಿ ಇತ್ತು. ಸ್ಕೇಲಿಂಗ್ ಅನ್ನುವ ಕಡೆ 'ಪರದೆ ಪೂರ್ತಿ' ಎಂದು ಕೊಟ್ಟರೆ ಕಡಿಮೆ ಅಳತೆಯ ಚಿತ್ರವನ್ನೇ ಎರಡೂ ಬದಿಗೆ ಎಳೆದು ಕೂರಿಸುತ್ತದೆ. ಯೋಗೀಶ ಕೊಟ್ಟ. ಅಳತೆ ಬದಲಿಸಿದಾಗಲೆಲ್ಲ ಪರದೆ ಒಂದು ಗಳಿಗೆ ಕಪ್ಪಾಗಿ, ಪುನಃ ಬೆಳಗಿ, ನಡುವೆ ಒಂದು ಸಣ್ಣ ಚೌಕ ಮೂಡಿ ಕೇಳುತ್ತದೆ: ಇದನ್ನೇ ಉಳಿಸಿಕೊಳ್ಳಲೇ? ಹದಿನೈದು ಸೆಕೆಂಡಿನೊಳಗೆ ಹೌದು ಎನ್ನದಿದ್ದರೆ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಹದಿನೈದು, ಹದಿನಾಲ್ಕು, ಹದಿಮೂರು ಎಂದು ಅಂಕಿ ಇಳಿಯುತ್ತಾ ಹೋಗುತ್ತದೆ. ಯೋಗೀಶ ಯೋಚಿಸುತ್ತಾ ಕೂತ. ಸೊನ್ನೆಯಾಯಿತು, ಕಪ್ಪು ಪಟ್ಟಿ ಪುನಃ ಬಂತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಲೋಲಾಕ್ಷಿ ಅಲಸಂಡೆಯ ತಟ್ಟೆ ಕೆಳಗಿಟ್ಟರು.

"ಹೌದು ಅನ್ನು ಮಾರಾಯ! ಮಿಷನಿಗೂ ಉತ್ತರ ಕೊಡಲಿಕ್ಕೆ ಬರುವುದಿಲ್ಲವಾ ನಿನಗೆ?"

ಹೌದು ಎಂದು ಒತ್ತಿದ. ಆಟಕ್ಕೊಂದು, ಉಳಿದ ಕೆಲಸಕ್ಕೊಂದು ಎಂದು ದಿನಾ ಅಳತೆ ಬದಲಿಸಲು ಮೈಗಳ್ಳತನ, ಹಾಗಾಗಿ ಇಡೀ ಕಂಪ್ಯೂಟರಿಗೇ ಅದನ್ನು ಖಾಯಂ ಮಾಡಿದ. ಲಾರಿ ಅಗಲವಾಯಿತು, ಚಕ್ರ ಚಪ್ಪಟೆಯಾಯಿತು, ದಾರಿಯ ದನಗಳೆಲ್ಲ ಗಬ್ಬದ ದನಗಳಾದವು. ವಾರದೊಳಗೆ ಇಬ್ಬರ ಕಣ್ಣಿಗೂ ಅದು ರೂಢಿಯಾಗಿ, ಲೋಕ ಇರುವುದೇ ಹೀಗೆ ಎನಿಸಿತು. ದೋಹಾದಲ್ಲಿದ್ದ ತಮ್ಮನ ಜೊತೆ ವಿಡಿಯೋದಲ್ಲಿ ಮಾತಾಡುವಾಗ ಮಾತ್ರ ಲೋಲಾಕ್ಷಿಗೆ ಒಂದು ತಕರಾರು. ಮೂಲೆಯಲ್ಲಿ ತಮ್ಮದೇ ಮುಖ ತೋರಿಸುವ ಸಣ್ಣ ಚಿತ್ರ ಇರುತ್ತದಲ್ಲ, ಅದರಲ್ಲಿ ಅವರು ತೀರಾ ದಪ್ಪ ಕಾಣುತ್ತಿದ್ದರು. ಮೊದಲೇ ತುಂಬಿದ ಮೈಯವರು, ಅದರ ಮೇಲೆ ಇದು ಬೇರೆ. "ಅದನ್ನು ಮುಚ್ಚು. ನನಗೆ ನನ್ನನ್ನು ನೋಡಲಿಕ್ಕಿಲ್ಲ," ಎಂದರು. ಮುಚ್ಚಿದ.

ಜುಲೈಯಲ್ಲಿ ಪುಂಡರೀಕಾಕ್ಷಣ್ಣ ಒಂದು ಸಂಬಂಧ ತಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಜೋಡಿ ಕೂಡಿಸುವುದನ್ನೇ ಹವ್ಯಾಸ ಮಾಡಿಕೊಂಡ ಮನುಷ್ಯ. ಡೊಂಬಿವಲಿಯ ರಮಾಕಾಂತರ ಮಗಳು ಪೂಜಿತಾ, ಇಪ್ಪತ್ತೆಂಟು, ಥಾಣೆಯ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ ಮಾಡುವ ಕೆಲಸ. ಫೋಟೋದಲ್ಲಿ ಸಪೂರ ಹುಡುಗಿ. ಜಾತಕ ಭಟ್ಟರ ಹತ್ತಿರ ಹೋಗಿ ಬಂತು, ಒಳ್ಳೆಯ ಕೂಡಾವಳಿ ಎಂದರು. ಉಳಿದದ್ದು ಹುಡುಗಿ ನೋಡುವುದು. ಆದರೆ ಮುಂದಿನ ವಾರವೇ ಆಟಿ ತಿಂಗಳು, ತುಳುವರ ಆಷಾಢ, ಶುರು, ಆಟಿಯಲ್ಲಿ ಹೆಣ್ಣು ನೋಡುವ ಕ್ರಮ ಇಲ್ಲ. ಉಳಿದದ್ದು ಒಂದೇ ಭಾನುವಾರ, ಆ ಭಾನುವಾರ ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್, ಮೇಲಿಂದ ಸುರಿಯುವ ಮಳೆ. ಥಾಣೆಯಲ್ಲಿ ಇಳಿದು ಬಸ್ಸಿಗೆ ಬಡಿದಾಡುವವರು ಯಾರು? "ವಿಡಿಯೋದಲ್ಲಿ ಮುಖ ನೋಡಿ ಒಂದು ಮಾತು ಮುಗಿಸಿಡುವ, ಉಳಿದದ್ದು ಆಟಿ ಕಳೆದ ಮೇಲೆ," ಎಂದು ಪುಂಡರೀಕಾಕ್ಷಣ್ಣ ತೀರ್ಮಾನ ಮಾಡಿದರು.

ಹಾಗೆ ಪೂಜಿತಾಳನ್ನು ನೋಡಿದ್ದು ಅದೇ ಮಾನಿಟರಿನಲ್ಲಿ. ಅದೇ 'ಪರದೆ ಪೂರ್ತಿ'ಯಲ್ಲಿ.

ಎದುರು ಸೋಫಾದ ಮೇಲೆ ತಂದೆ, ತಾಯಿ, ನಡುವೆ ಮಗಳು, ಮೂವರೂ ಗುಂಡಗೆ. ಹಿಂದಿನ ಗೋಡೆಯಲ್ಲಿ ಮೊಟ್ಟೆಯಾಕಾರದ ಗಡಿಯಾರ. ರಮಾಕಾಂತರು ಮಳೆಯ ವಿಷಯ ಹೇಳುತ್ತಿದ್ದಾಗ ಅವರ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಪೂಜಿತಾ "ಮೂರಾಯ್ತು" ಎಂದವಳೇ ಎದ್ದು ಹೋಗಿ ಒಲೆ ಆರಿಸಿ ಬಂದು ಕೂತಳು. ಬಂದವಳು ಯೋಗೀಶನನ್ನು ನೇರ ನೋಡಿ, "ಇಲ್ಲದಿದ್ದರೆ ಮಾತು ಮುಗಿಯುವಾಗ ತೊವ್ವೆ ಗಂಜಿ ಆಗ್ತದೆ," ಎಂದು ನಕ್ಕಳು. ಹೆಣ್ಣು ನೋಡುವ ಹೊತ್ತಿನಲ್ಲಿ ತೊವ್ವೆಯ ಚಿಂತೆ ಮಾಡುವ ಹುಡುಗಿಯನ್ನು ಯೋಗೀಶ ಕಂಡಿರಲಿಲ್ಲ. ಇವಳಾದರೆ ನನ್ನ ಪಾಲಿನ ಮಾತನ್ನೂ ಇವಳೇ ಆಡಿಯಾಳು ಎಂದುಕೊಂಡ. ಇಷ್ಟವಾದಳು. ಸಂಶಯವೇ ಇಲ್ಲದಷ್ಟು ಇಷ್ಟವಾದಳು.

ಕರೆ ಮುಗಿಯಿತು. ಲೋಲಾಕ್ಷಿ ಬಾಯಿಗೆ ಸೆರಗು ಹಿಡಿದು ಕೂತಿದ್ದರು.

"ದೇವರೇ, ಫೋಟೋ ಯಾವ ಕಾಲದ್ದು? ಒಳಗೆ ಹೋಗುವಾಗ ಬಾಗಿಲು ತುಂಬಿತಲ್ಲ! ತಂದೆ ತಾಯಿಯನ್ನು ನೋಡಿದೆಯಾ? ವಂಶವೇ ಹಾಗೆ. ಗಡಿಯಾರ ನೋಡು, ಅದೊಂದು ಫ್ಯಾಷನ್ನು! ನಿನಗೆ ಹೇಗೆ ಕಂಡಿತು ಮಗಾ?"

ಯೋಗೀಶ ಬಾಯಿ ತೆರೆದ. ಅಪ್ಪ ಮಂಚದ ಮೇಲೆ ಪೇಪರಿನ ಹಿಂದೆ ಇದ್ದರು. ಅಮ್ಮನ ಮುಖ ಆಗಲೇ ತೀರ್ಮಾನಕ್ಕೆ ಬಂದಿತ್ತು. ನನಗೆ ಆಗ್ತದೆ ಎಂಬ ಎರಡು ಮಾತು ಆಡಿದ್ದರೆ ಸಾಕಿತ್ತು.

"ಎಂತ ಹೇಳುವುದು," ಎಂದ.

ಹೇಳಬೇಕಿತ್ತು ಮಾರಾಯ! ಆದರೆ ಹೇಳಲಿಲ್ಲ. ಹದಿನೈದಲ್ಲ, ಐದು ಸೆಕೆಂಡು ಕಾದು ಲೋಲಾಕ್ಷಿ ಫೋನ್ ತೆಗೆದುಕೊಂಡರು. ಇಂಥ ಹೊತ್ತಿಗೆ ನಮ್ಮವರಲ್ಲಿ ಒಂದು ಮಾತು ಸಿದ್ಧ ಇರುತ್ತದೆ. ಹುಡುಗಿ ದಪ್ಪ, ಹುಡುಗ ಕಪ್ಪು, ಮನೆ ಸಣ್ಣದು ಎಂದು ಯಾರೂ ಯಾರ ಮುಖಕ್ಕೂ ಹೇಳುವುದಿಲ್ಲ. ಎಲ್ಲವನ್ನೂ ನಕ್ಷತ್ರದ ತಲೆಗೆ ಕಟ್ಟುತ್ತಾರೆ. ಕೇಳಿದವರಿಗೂ ಅದು ಗೊತ್ತು, ಆದರೂ ತಿರುಗಿ ಕೇಳುವುದಿಲ್ಲ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ. "ಭಟ್ರು ಪುನಃ ನೋಡಿದರು ಪುಂಡರೀಕಾಕ್ಷಣ್ಣ, ಯಾಕೋ ಜಾತಕ ಕೂಡಿ ಬರುವುದಿಲ್ಲ ಅಂದರು," ಎಂದರು ಲೋಲಾಕ್ಷಿ. ಅಲ್ಲಿಗೆ ಮುಗಿಯಿತು.

ಯೋಗೀಶ ಆ ಸಂಜೆ ಲಾರಿ ಹತ್ತಿದ. ಎರಡು ಸಲ ಕಂಬಕ್ಕೆ ಗುದ್ದಿದ.

ಆಟಿಯಲ್ಲಿ ಮುಂಬಯಿಯ ತುಳುವರು ಒಂದು ಭಾನುವಾರ ಸಭಾಗೃಹದಲ್ಲಿ ಸೇರಿ, ಊರಿನಲ್ಲಿ ಆ ತಿಂಗಳಿಡೀ ತಿನ್ನುವುದನ್ನೆಲ್ಲ ಒಂದೇ ಮಧ್ಯಾಹ್ನ ತಿನ್ನುತ್ತಾರೆ. ಅದಕ್ಕೆ ಆಟಿಡೊಂಜಿ ದಿನ, ಅಂದರೆ ಆಟಿಯಲ್ಲೊಂದು ದಿನ, ಎಂದು ಹೆಸರು. ಆ ವರ್ಷದ್ದು ನೆರೂಳದಲ್ಲೇ ಇತ್ತು. ಲೋಲಾಕ್ಷಿ ಕೆಸುವಿನೆಲೆಯ ಪತ್ರೊಡೆ ಮಾಡಿ ತಂದು, ತಾವೇ ಚಮಚ ಹಿಡಿದು ಬಡಿಸಲು ನಿಂತಿದ್ದರು. ಪಕ್ಕದಲ್ಲಿ ಪಾತ್ರೆ ಹಿಡಿದುಕೊಂಡು ಯೋಗೀಶ.

ಸಾಲಿನಲ್ಲಿ ಹಸಿರು ಚೂಡಿದಾರದ ಸಪೂರ ಹುಡುಗಿಯೊಬ್ಬಳು ಬಂದು ಪತ್ರೊಡೆ ಹಾಕಿಸಿಕೊಂಡು ಹೋದಳು. ಸ್ವಲ್ಪ ಹೊತ್ತಿನಲ್ಲಿ ಪುನಃ ಬಂದಳು. ಆಮೇಲೆ ಇನ್ನೊಮ್ಮೆ ಬಂದು, "ಹುಳಿ ಎಷ್ಟು ಹದವಾಗಿದೆ ಆಂಟಿ! ನಮ್ಮಮ್ಮ ಮಾಡಿದರೆ ಗಂಟಲು ತುರಿಸ್ತದೆ," ಎಂದಳು. ಲೋಲಾಕ್ಷಿಗೆ ಸ್ವರ್ಗ ಮೂರೇ ಗೇಣು. ಇನ್ನೊಂದು ತುಂಡು ಹಾಕಹೋದರು.

"ಸಾಕು ಆಂಟಿ. ಮೂರಾಯ್ತು."

ಯೋಗೀಶ ಪಾತ್ರೆಯಿಂದ ತಲೆಯೆತ್ತಿದ. ಆ ಸ್ವರ ಅವನಿಗೆ ಗೊತ್ತಿತ್ತು. ಮೂರು ವಾರದಿಂದ ಅದು ಅವನ ತಲೆಯಲ್ಲಿ ಕುಕ್ಕರಿನ ಜೊತೆ ಕೂಗುತ್ತಿತ್ತು. ಆದರೆ ಈ ಹುಡುಗಿ ಆ ಹುಡುಗಿಯ ಮುಕ್ಕಾಲು ಪಾಲು ಮಾತ್ರ ಇದ್ದಳು.

ಅಷ್ಟರಲ್ಲಿ ಲೋಲಾಕ್ಷಿ ಮಗನ ಪಕ್ಕೆಗೆ ತಿವಿದರು. "ಎಷ್ಟು ಚಂದ ಉಂಟು ನೋಡು ಹುಡುಗಿ! ಯಾರ ಮಗಳು, ವಿಚಾರಿಸು ಹೋಗು!" ವಿಚಾರಿಸುವ ಅಗತ್ಯ ಬೀಳಲಿಲ್ಲ. ಹಿಂದಿನಿಂದ ಒಬ್ಬರು ನೀಟಾಗಿ ಇನ್‌ಶರ್ಟ್ ಮಾಡಿದ, ಕಡ್ಡಿಯಂಥ ಮನುಷ್ಯ ತಟ್ಟೆ ಹಿಡಿದು ಬಂದು ಕೈ ಮುಗಿದರು.

"ಓ ಲೋಲಾಕ್ಷಕ್ಕ! ನಾನು ಡೊಂಬಿವಲಿಯ ರಮಾಕಾಂತ. ಆವತ್ತು ವಿಡಿಯೋದಲ್ಲಿ ಮಾತಾಡಿದ್ದೆವಲ್ಲ. ಜಾತಕ ಕೂಡಿ ಬರಲಿಲ್ಲ, ಎಂತ ಮಾಡುವುದು. ಯೋಗ ಬೇಕು. ಪತ್ರೊಡೆಯ ಯೋಗವಾದರೂ ಇತ್ತು!"

ಲೋಲಾಕ್ಷಿಯ ಚಮಚ ಗಾಳಿಯಲ್ಲೇ ನಿಂತಿತು. ತಂದೆಯನ್ನು ನೋಡಿದರು, ಮಗಳನ್ನು ನೋಡಿದರು, ದೂರದ ಕುರ್ಚಿಯಲ್ಲಿದ್ದ ತಾಯಿಯನ್ನೂ ನೋಡಿದರು. ಮೂವರೂ ಸಪೂರ. ಮಗನ ಕಿವಿಯಲ್ಲಿ ಪಿಸುಗುಟ್ಟಿದರು, "ಮೂರು ವಾರದಲ್ಲಿ ಮನೆಮಂದಿ ಎಲ್ಲ ಇಳಿದಿದ್ದಾರಲ್ಲ! ಆಟಿಯ ಕಹಿ ಕಷಾಯ ಎಷ್ಟು ಕುಡಿದರೋ!"

ಯೋಗೀಶನಿಗೆ ಮಾತ್ರ ಕಣ್ಣಿನ ಮುಂದೆ ಲಾರಿಯ ಚಪ್ಪಟೆ ಚಕ್ರ, ಗಬ್ಬದ ದನ, ಎಲ್ಲ ಒಟ್ಟಿಗೆ ಬಂದು ನಿಂತವು. ಪಾತ್ರೆ ಅಮ್ಮನ ಕೈಗೆ ಕೊಟ್ಟು, ಪೂಜಿತಾ ಕೈ ತೊಳೆಯುತ್ತಿದ್ದ ನಲ್ಲಿಯವರೆಗೆ ಹೋದ. ಏನು ಹೇಳಬೇಕೆಂದು ಗೊತ್ತಿಲ್ಲದೆ, ಬಾಯಿಗೆ ಬಂದದ್ದನ್ನು ಕೇಳಿದ.

"ನಿಮ್ಮ ಮನೆಯ ಗೋಡೆ ಗಡಿಯಾರ ಮೊಟ್ಟೆಯ ಹಾಗೆ ಉಂಟಾ?"

ಅವಳು ತಿರುಗಿ ನೋಡಿದಳು. "ಇಲ್ಲ. ದುಂಡಗಿದೆ. ಯಾಕೆ?"

ಯೋಗೀಶ ಹೇಳಿದ. ಅಗಲದ ಮಾನಿಟರು, ಏದುಸಿರು ಬಿಡುವ ಕಾರ್ಡು, ಕಪ್ಪು ಪಟ್ಟಿ, ಅಮ್ಮನ ಎಲೆಯೂಟದ ನ್ಯಾಯ, ಎಳೆದು ತುಂಬಿಸಿದ ಚಿತ್ರ, ಎಲ್ಲವನ್ನೂ ಹೇಳಿದ. ಅಷ್ಟು ಉದ್ದಕ್ಕೆ ಅವನು ಮಾತಾಡಿದ್ದನ್ನು ಹೆತ್ತ ತಾಯಿಯೂ ಕೇಳಿರಲಿಲ್ಲ. ಪೂಜಿತಾ ಒದ್ದೆ ಕೈ ಹಾಗೇ ಹಿಡಿದು ಕೇಳಿದಳು.

"ನಮ್ಮ ಸ್ಟುಡಿಯೋದಲ್ಲಿ ಹೊಸಬರು ಮೊದಲು ಮಾಡುವ ತಪ್ಪೇ ಅದು," ಎಂದಳು. "ಫ್ರೇಮ್ ತುಂಬಿಸಲಿಕ್ಕೆ ಫೋಟೋ ಎಳೆಯುವುದು. ಮದುಮಗಳ ಮನೆಯವರು ಜಗಳಕ್ಕೆ ಬರ್ತಾರೆ. ಅಂದರೆ, ನಿಮ್ಮಲ್ಲಿ ನಾನು ಎಷ್ಟು ಅಗಲ ಕಂಡೆ?"

"ಮೂರರಲ್ಲೊಂದು ಪಾಲು ಜಾಸ್ತಿ," ಎಂದ ಯೋಗೀಶ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಆಲ್ಬಮ್ ಮಾಡುವವಳ ಕಣ್ಣು, ಉಳಿದದ್ದು ತಾನಾಗಿಯೇ ಕಂಡಿತು.

"ಹಾಗಾದರೆ ಭಟ್ರು ಎರಡನೇ ಸಲ ನೋಡಲೇ ಇಲ್ಲ."

ಯೋಗೀಶ ಇಲ್ಲ ಎಂದು ತಲೆಯಾಡಿಸಿದ.

"ನಾನು ನಿಜವಾಗಿಯೂ ಅಷ್ಟು ಅಗಲ ಇದ್ದಿದ್ದರೆ?"

"ನನಗೆ ನೀವು ಆವತ್ತೇ ಇಷ್ಟ ಆಗಿದ್ದಿರಿ," ಎಂದ. ಇದು ನಿಜ, ಅದಕ್ಕೇ ಬೇಗ ಬಂತು.

"ಅಷ್ಟು ಅಗಲದಲ್ಲೇ?"

"ಅಷ್ಟು ಅಗಲದಲ್ಲೇ."

"ಮತ್ತೆ ಹೇಳಲಿಲ್ಲ ಯಾಕೆ?"

ಯೋಗೀಶನಿಗೆ ನಾಚಿಕೆಯಾಯಿತು, ಕಿವಿಯ ತುದಿಯವರೆಗೆ ಬಿಸಿಯೇರಿದಂಥ ನಾಚಿಕೆ. ತಪ್ಪು ಪರದೆಯದ್ದು ಎಂದು ತೋರಿಸಿಕೊಟ್ಟು ಪಾರಾಗುವೆ ಎಂದುಕೊಂಡು ಬಂದಿದ್ದ. ಪರದೆ ಎಳೆದದ್ದು ಅವಳ ಮುಖವನ್ನು ಮಾತ್ರ. ಬಾಯಿ ಮುಚ್ಚಿ ಕೂತವನು ಇವನು.

"ಆ ಸೆಟ್ಟಿಂಗ್ ಮುಟ್ಟಬೇಡಿ," ಎಂದಳು ಪೂಜಿತಾ, ಕರವಸ್ತ್ರದಲ್ಲಿ ಕೈ ಒರೆಸುತ್ತಾ. "ಆಟಿ ಕಳೆದ ಮೇಲೆ ಇನ್ನೊಮ್ಮೆ ವಿಡಿಯೋ ಮಾಡಿ. ನನ್ನನ್ನು ಅದೇ ಅಗಲದಲ್ಲಿ ನೋಡಿ, ಹೇಳಲಿಕ್ಕೆ ಇದ್ದರೆ ಎಲ್ಲರ ಎದುರು ಹೇಳಿ, ಇದ್ದದ್ದನ್ನು ಇದ್ದ ಹಾಗೆ. ಇಲ್ಲದಿದ್ದರೆ ಜಾತಕ ಹೇಗೂ ಕೂಡಿ ಬರಲಿಲ್ಲವಲ್ಲ." ಅಷ್ಟು ಹೇಳಿ ಅಪ್ಪನ ಹತ್ತಿರ ಹೋದಳು.

ಮನೆಗೆ ನಡೆದು ಬರುವಾಗ ಯೋಗೀಶ ತಾಯಿಗೆ ಮಾನಿಟರಿನ ವಿಷಯ ತಿಳಿಸಿದ, ಷರತ್ತನ್ನು ಮಾತ್ರ ಹೇಳಲಿಲ್ಲ. ಕೇಳಿದ ಲೋಲಾಕ್ಷಿ ಫುಟ್‌ಪಾತಿನಲ್ಲೇ ನಿಂತುಬಿಟ್ಟರು. ಮೊದಲು ಬಂದ ಮಾತು, "ಹಾಗಾದರೆ ನಾನೂ ಅಷ್ಟು ದಪ್ಪ ಇಲ್ಲವಾ?" ಮುಖ ಅರಳಿತು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಬಾಡಿತು. "ಅಯ್ಯೋ, ನಕ್ಷತ್ರದ ಮೇಲೆ ಹಾಕಿಯಾಯ್ತಲ್ಲ! ಇನ್ನು ಆ ಮಾತನ್ನು ವಾಪಸು ತರುವುದು ಹೇಗೆ?"

ಲೋಲಾಕ್ಷಿಗೆ ದಾರಿ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗಲೇ ಹೊಳೆಯಿತು. ಭಟ್ಟರಿಗೆ ಹುಡುಗನ ಹುಟ್ಟಿದ ಗಳಿಗೆ ತಪ್ಪು ಕೊಟ್ಟಿದ್ದೆವು, ಈಗ ಸರಿ ಗಳಿಗೆ ಕೊಟ್ಟು ನೋಡಿಸಿದರೆ ಕೂಡಿ ಬರುತ್ತದೆ ಅಂದರಾಯಿತು. ಪುಂಡರೀಕಾಕ್ಷಣ್ಣನೂ ತಲೆದೂಗಿದರು, ಇಂಥದ್ದನ್ನು ಅವರು ಮೊದಲೂ ಕಂಡಿದ್ದರು. ಆಟಿ ಕಳೆದ ಭಾನುವಾರ ಬೆಳಿಗ್ಗೆ ಪುನಃ ವಿಡಿಯೋ ಎಂದಾಯಿತು. "ಅದರ ಮೊದಲು ಆ ಮಿಷನ್ ಸರಿ ಮಾಡಿಡು," ಎಂದರು ಲೋಲಾಕ್ಷಿ. ಯೋಗೀಶ "ಹೂಂ" ಎಂದ. ಸರಿ ಮಾಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅಮ್ಮನ ಮಾತು ಮೀರಿದ್ದು ಅದೇ ಮೊದಲು, ಹಾಗಾಗಿ ವಾರವಿಡೀ ಅವನಿಗೆ ಸರಿಯಾಗಿ ಊಟ ಸೇರಲಿಲ್ಲ.

ಆ ಭಾನುವಾರ ಬಂತು. ಲೋಲಾಕ್ಷಿ ರೇಷ್ಮೆ ಸೀರೆ ಉಟ್ಟು ನಡುವೆ ಕೂತರು. ಪಕ್ಕದ ಸ್ಟೂಲಿನಲ್ಲಿ ಪುಂಡರೀಕಾಕ್ಷಣ್ಣ, ಹಿಂದೆ ಮಂಚದ ಮೇಲೆ ಪೇಪರು ಹಿಡಿದು ಧರ್ಮಪಾಲರು. ಮೌಸ್ ಹಿಡಿದವನು ಯೋಗೀಶ. ಕರೆ ತಾಗಿತು, ಪರದೆ ತುಂಬಾ ಡೊಂಬಿವಲಿಯವರು ಬಂದರು. ಮೂವರೂ ಗುಂಡಗೆ, ಗೋಡೆಯಲ್ಲಿ ಮೊಟ್ಟೆ ಗಡಿಯಾರ. ಲೋಲಾಕ್ಷಿ ಮಗನ ಕಡೆಗೆ ಕಣ್ಣು ಬಿಟ್ಟರು. ಮಗ ಪರದೆಯನ್ನೇ ನೋಡುತ್ತಿದ್ದ. ಪೂಜಿತಾ ಕೂಡ ಇತ್ತಲೇ ನೋಡುತ್ತಿದ್ದಳು.

ಲೋಲಾಕ್ಷಿ ಸುಧಾರಿಸಿಕೊಂಡು ಶುರು ಮಾಡಿದರು. "ಅದೆಂತ ಆದದ್ದು ರಮಾಕಾಂತಣ್ಣ, ನಮ್ಮ ಭಟ್ರಿಗೆ ಹುಟ್ಟಿದ ಗಳಿಗೆ ಕೊಡುವಾಗ..."

ರಮಾಕಾಂತರು ಹೌದಾ ಎಂಬಂತೆ ಮುಂದಕ್ಕೆ ಬಾಗಿದರು. ಕ್ರಮದ ಪ್ರಕಾರ ಅವರೂ ಒಪ್ಪಿಕೊಳ್ಳುವವರೇ. ಪೂಜಿತಾಳ ಮುಖದಲ್ಲಿದ್ದದ್ದು ಏನೋ ಆರಿತು. ಕೈ ಸೋಫಾದ ಅಂಚಿಗೆ ಹೋಯಿತು, ಎದ್ದು ಹೋಗುವವಳ ಹಾಗೆ. ಈ ಸಲ ಕುಕ್ಕರ್ ಕೂಗಿರಲಿಲ್ಲ. ಯೋಗೀಶನ ತಲೆಯೊಳಗೆ ಅಂಕಿ ಇಳಿಯತೊಡಗಿತ್ತು.

"ಅಮ್ಮ, ನಿಲ್ಲಿ."

ಲೋಲಾಕ್ಷಿಯ ಮಾತು ನಿಂತಿತು. ಮಗನ ಬಾಯಿಂದ ಆ ಶಬ್ದ ಕೇಳಿದ ಆಶ್ಚರ್ಯಕ್ಕೇ ನಿಂತಿತು.

"ಜಾತಕದಲ್ಲಿ ಏನೂ ತೊಂದರೆ ಇರಲಿಲ್ಲ ಅಂಕಲ್," ಎಂದ ಯೋಗೀಶ. "ಈ ಪರದೆಯಲ್ಲಿ ಪೂಜಿತಾ ದಪ್ಪ ಕಂಡರು ಅಂತ ಬೇಡ ಅಂದದ್ದು. ಪರದೆ ಎಳೆದಿಟ್ಟದ್ದು ನಾನು. ಈಗಲೂ ಹಾಗೇ ಇದೆ, ಈಗಲೂ ಅವರು ಹಾಗೇ ಕಾಣ್ತಿದ್ದಾರೆ. ನನಗೆ ಆವತ್ತೇ ಇಷ್ಟ ಆಗಿದ್ದರು. ಅಮ್ಮ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು. ನನಗೆ ಇವರನ್ನೇ ಮದುವೆ ಆಗಬೇಕು."

ಪುಂಡರೀಕಾಕ್ಷಣ್ಣ ಕನ್ನಡಕ ತೆಗೆದು ಒರೆಸಿದರು, ಅವರ ಇಡೀ ಅನುಭವದಲ್ಲಿ ಇಂಥದ್ದು ನಡೆದಿರಲಿಲ್ಲ. ಲೋಲಾಕ್ಷಿಯ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಮರ್ಯಾದೆ ತೆಗೆದೆಯಲ್ಲ," ಎಂದರು ಸಣ್ಣ ಸ್ವರದಲ್ಲಿ.

ಹಿಂದೆ ಪೇಪರು ಮಡಚಿದ ಶಬ್ದವಾಯಿತು.

"ಇವಳನ್ನು ನೋಡಲಿಕ್ಕೆ ಹೋದಾಗ ನನ್ನ ಅಮ್ಮನೂ ಅದೇ ಹೇಳಿದ್ದು," ಎಂದರು ಧರ್ಮಪಾಲರು. "ಹುಡುಗಿ ಅಗಲ ಅಂತ. ನಾನು, ನನಗೆ ಆಗ್ತದೆ ಅಂದೆ. ಮೂವತ್ತಮೂರು ವರ್ಷ ಆಯ್ತು."

ಲೋಲಾಕ್ಷಿ ಕುರ್ಚಿಯಲ್ಲೇ ಪೂರ್ತಿ ತಿರುಗಿದರು. "ನನಗೆ ಹೇಳಲೇ ಇಲ್ಲವಲ್ಲ ನೀವು!"

"ನೀನು ಕೇಳಲಿಲ್ಲ," ಎಂದು ಅವರು ಪೇಪರು ಬಿಡಿಸಿದರು.

ಲೋಲಾಕ್ಷಿ ಮತ್ತೆ ಪರದೆಗೆ ತಿರುಗುವಾಗ ಕಣ್ಣು ಒದ್ದೆಯಾಗಿತ್ತು. "ಮಗಾ ಪೂಜಿತಾ, ಸುಳ್ಳು ಹೇಳಿದ್ದು ನಾನೇ. ನನ್ನ ಅತ್ತೆ ನನಗೆ ಮಾಡಲಿಕ್ಕೆ ಹೊರಟದ್ದನ್ನು ನಾನು ನಿನಗೆ ಮಾಡಿದೆ. ತಪ್ಪಾಯ್ತು. ಇಷ್ಟು ಅಗಲ ಇದ್ದರೂ ನೀನು ನಮ್ಮ ಮನೆಗೆ ಬಾ. ನನ್ನ ಪಕ್ಕದಲ್ಲಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ."

ಮೊದಲು ನಕ್ಕದ್ದು ಪೂಜಿತಾಳ ತಾಯಿ. ಆಮೇಲೆ ರಮಾಕಾಂತರು. ಪೂಜಿತಾ ಕೊನೆಗೆ ನಕ್ಕಳು, ಆದರೆ ನಿಲ್ಲಿಸಿದ್ದೂ ಅವಳೇ ಕೊನೆಗೆ.

"ಈಗ ಅದನ್ನು ಸರಿ ಮಾಡಿ ಯೋಗೀಶ್," ಎಂದಳು. "ಇಷ್ಟು ಹೊತ್ತು ದಪ್ಪ ಇದ್ದು ನಮ್ಮಪ್ಪನಿಗೆ ಅಭ್ಯಾಸ ಇಲ್ಲ."

ಯೋಗೀಶ ಮಾನಿಟರಿಗೆ ಅದರ ಸ್ವಂತ ಅಳತೆ ಕೊಟ್ಟ. ಪರದೆ ಕಪ್ಪಾಯಿತು, ಬೆಳಗಿತು. ವಿಡಿಯೋದ ಚಿತ್ರಕ್ಕೆ ಅಷ್ಟು ಅಗಲ ಇಲ್ಲದ್ದರಿಂದ ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ, ನಡುವೆ ಸೋಫಾದಲ್ಲಿ ಮೂರು ಜನ ಸಪೂರದವರು, ಗೋಡೆಯಲ್ಲಿ ದುಂಡು ಗಡಿಯಾರ. ಲೋಲಾಕ್ಷಿ ಕಪ್ಪು ಪಟ್ಟಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಪೂಜಿತಾಳ ಗಲ್ಲದ ಕೆಳಗೆ ಸಣ್ಣ ಚೌಕ ಮೂಡಿತು. ಇದನ್ನೇ ಉಳಿಸಿಕೊಳ್ಳಲೇ? ಹದಿನೈದು, ಹದಿನಾಲ್ಕು.

ಯೋಗೀಶ ಅವಳ ಮುಖವನ್ನೇ ನೋಡುತ್ತಾ ಕೂತ. ಹನ್ನೊಂದು, ಹತ್ತು, ಒಂಬತ್ತು.

"ಎಂತ ನೋಡ್ತಾ ಕೂತದ್ದು?" ಎಂದು ಲೋಲಾಕ್ಷಿ ಅವನ ಪಕ್ಕೆಗೆ ತಿವಿದರು. "ಹೌದು ಅನ್ನು ಮಾರಾಯ! ಸುಮ್ಮನೆ ಕೂತರೆ ಪುನಃ ಹಳೆಯದೇ ಆಗ್ತದೆ!"

"ಹೌದು," ಎಂದ ಯೋಗೀಶ. ಬಟನ್ ಒತ್ತುವ ಮೊದಲೇ, ಬಾಯಿ ಬಿಟ್ಟು, ಡೊಂಬಿವಲಿಗೆ ಕೇಳುವಷ್ಟು ದೊಡ್ಡದಾಗಿ ಎಂದ.